ದೋಣಿಗೆ ಮೂರೂವರೆ ಸ್ಟಾರ್, ಕಾಲುವೆಗೆ ಐದು

ದೋಣಿ ಬಾಡಿಗೆಗೆ ಕೊಟ್ಟವರ ಹೆಸರು ಇಲ್ಲಿ ಹಾಕುವುದಿಲ್ಲ. ತಪ್ಪು ಒಪ್ಪಿಕೊಂಡರು, ಸ್ವಲ್ಪ ದುಡ್ಡೂ ವಾಪಸ್ ಕೊಟ್ಟರು, ಜಗಳ ಅಲ್ಲಿಗೆ ಮುಗಿಯಿತು. ಆದರೆ ‘ನ್ಯಾರೋಬೋಟ್ ರಜೆ ಹೆಂಗಿರುತ್ತೆ, ವಯಸ್ಸಾದವರನ್ನ ಕರ್ಕೊಂಡು ಹೋಗಬಹುದಾ’ ಅಂತ ಇಂಗ್ಲೆಂಡಿನಲ್ಲಿರೋ ನಮ್ಮ ಕನ್ನಡದವರು ಕೇಳುತ್ತಲೇ ಇರುತ್ತಾರೆ. ನ್ಯಾರೋಬೋಟ್ ಅಂದರೆ ಇಲ್ಲಿನ ಕಾಲುವೆಗಳಲ್ಲಿ ಓಡೋ, ಒಳಗೇ ಉಳಿಯಬಹುದಾದ ಕಿರಿದಾದ ಉದ್ದನೆಯ ದೋಣಿ. ಅವರಿಗಾಗಿ ಬರೆಯುತ್ತಿದ್ದೇನೆ. ಬರೆಯೋಕೆ ಕೂತರೆ ದೋಣಿಗಿಂತ ಕಾಲುವೆಯ ಮಾತೇ ಜಾಸ್ತಿ ಆಗುತ್ತಿದೆ. ಅದಕ್ಕೆ ಕಾರಣ ನಮ್ಮಪ್ಪ.

ನಾನು ಮಂಡ್ಯದವಳು. ಮ್ಯಾಂಚೆಸ್ಟರ್ ಪಕ್ಕದ ಸೇಲ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಅಪ್ಪ ನೀರಾವರಿ ಇಲಾಖೆಯಲ್ಲಿದ್ದವರು. ಮೂವತ್ತೊಂದು ವರ್ಷ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಸೈಕಲ್ಲು, ಆಮೇಲೆ ಸುವೇಗಾ ಮೊಪೆಡ್ಡು, ಆಮೇಲೆ ಜೀಪು. ಎಲ್ಲಿಗೆ ಕರೆದುಕೊಂಡು ಹೋದರೂ ಅವರ ಕಣ್ಣು ನೀರಿನ ಕಡೆಗೇ. ಲಂಡನ್ನಿನಲ್ಲಿ ಬಿಗ್ ಬೆನ್ ತೋರಿಸಿದರೆ ಬೆನ್ನು ತಿರುಗಿಸಿ ಥೇಮ್ಸ್‌ನ ಕೆಸರು ನೋಡುತ್ತಾ ನಿಂತಿದ್ದರು. 2024ರ ಮೇ ಕೊನೆಯ ವಾರ ಮಗನಿಗೆ ಹಾಫ್ ಟರ್ಮ್ ರಜೆ ಬಂತು. ಇವರಿಗೆ, ಅಂದರೆ ನಮ್ಮ ಯಜಮಾನರಿಗೆ ಹೇಳಿದೆ, ಅಪ್ಪನ್ನ ಇನ್ನೊಂದು ಅರಮನೆಗೆ ಕರೆದುಕೊಂಡು ಹೋಗಿ ಉಪಯೋಗವಿಲ್ಲ, ಕಾಲುವೆಗೇ ಕರೆದುಕೊಂಡು ಹೋಗೋಣ ಅಂತ.

ಆರಿಸಿದ್ದು ಲ್ಯಾಂಗೋಲೆನ್ ಕಾಲುವೆ. ವೇಲ್ಸ್‌ನ ಬೆಟ್ಟದ ಬುಡದಿಂದ ಹೊರಟು ಇಂಗ್ಲೆಂಡಿನ ಚೆಶೈರ್ ಕಡೆಗೆ ಇಳಿಯುತ್ತದೆ. (ಹೆಸರಿನಲ್ಲಿರೋ ಆ ಎರಡು ‘ಲ’ಗಳನ್ನು ವೇಲ್ಸ್‌ನವರು ಹೇಳೋ ಥರ ಹೇಳಲು ನಾಲ್ಕು ದಿನ ಪ್ರಯತ್ನಪಟ್ಟೆವು. ಮಗ ಒಬ್ಬನೇ ಪಾಸು.) ಇಂಗ್ಲೆಂಡ್ ಕಡೆಯ ಒಂದು ಬೇಸ್‌ನಲ್ಲಿ ದೋಣಿ ಹತ್ತಿದೆವು. ಸೋಮವಾರದಿಂದ ಶುಕ್ರವಾರ, ನಾಲ್ಕು ರಾತ್ರಿ, 1,240 ಪೌಂಡ್. ಡೀಸೆಲ್ ಬೇರೆ. ರಜೆ ವಾರ ಅಲ್ಲದಿದ್ದರೆ ಇನ್ನೂರು ಮುನ್ನೂರು ಕಡಿಮೆ ಆಗುತ್ತಿತ್ತು.

ದೋಣಿ ಉದ್ದ 60 ಅಡಿ. ಅಂದರೆ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸು ಒಂದೂವರೆ. ಅಗಲ ಮಾತ್ರ 6 ಅಡಿ 10 ಇಂಚು. ಈ ಲೆಕ್ಕ ಯಾರೋ ಸುಮ್ನೆ ಇಟ್ಟಿದ್ದಲ್ಲ. ದೋಣಿಯನ್ನು ಹತ್ತಿಸಿ ಇಳಿಸೋ ಲಾಕ್ ಅನ್ನೋ ತೊಟ್ಟಿಗಳು ಕಾಲುವೆಯಲ್ಲಿವೆ, ಅವುಗಳ ಅಗಲವೇ 7 ಅಡಿ. ಒಳಗೆ ಎದುರು ಬದುರು ಇಬ್ಬರು ಬಂದರೆ ಒಬ್ಬರು ಬಚ್ಚಲಿಗೋ ಹಾಸಿಗೆ ಮೇಲಕ್ಕೋ ಹೋಗಿ ದಾರಿ ಬಿಡಬೇಕು. ಎರಡು ಹಾಸಿಗೆ, ಒಂದು ಸೋಫಾ ಬಿಚ್ಚಿದರೆ ಮೂರನೆಯದು, ನಾಲ್ಕು ಉರಿಯ ಗ್ಯಾಸ್ ಒಲೆ, ಸಣ್ಣ ಫ್ರಿಜ್, ಶವರ್, ಕಕ್ಕಸು. ಎಲ್ಲಾ ಇದೆ, ಎಲ್ಲಾ ಮುಕ್ಕಾಲು ಸೈಜಿನದು.

ಇಲ್ಲಿ ದೋಣಿ ಓಡಿಸೋಕೆ ಲೈಸೆನ್ಸ್ ಬೇಕಿಲ್ಲ. ನಂಬಿಕೆ ಬರಲಿಲ್ಲ ಅಲ್ವಾ? ನನಗೂ ಬರಲಿಲ್ಲ. ಹದಿನೆಂಟು ಟನ್ನಿನ ಕಬ್ಬಿಣವನ್ನು ಕೈಗೆ ಕೊಟ್ಟು, ಇಪ್ಪತ್ತು ನಿಮಿಷ ತೋರಿಸಿ, ಹೋಗಿ ಬನ್ನಿ ಅಂದರು. ಒಂದು ಗಂಟೆ ಹೇಳಿಕೊಡುತ್ತೇವೆ ಅಂತ ಬುಕ್ ಮಾಡುವಾಗ ಹೇಳಿದ್ದರು. ರಜೆ ವಾರ, ಹಿಂದೆ ಇನ್ನೂ ಐದು ಕುಟುಂಬ ಕಾಯುತ್ತಿದ್ದವು. ಸರಿ, ಮೊದಲ ಅರ್ಧ ಸ್ಟಾರ್ ಇಲ್ಲೇ ಕಟ್.

ಹಿಂದೆ ನಿಂತು ತಿರುಗಿಸೋ ಉದ್ದನೆಯ ಹಿತ್ತಾಳೆ ಕೋಲಿಗೆ ಇಲ್ಲಿನವರು ಟಿಲ್ಲರ್ ಅನ್ನುತ್ತಾರೆ. ಅಪ್ಪ ಆ ಕಡೆ ಈ ಕಡೆ ನೋಡಿದರು. “ಟಿಲ್ಲರ್ ಎಲ್ಲವ್ವ?” ನಮ್ಮೂರಲ್ಲಿ ಟಿಲ್ಲರ್ ಅಂದರೆ ಗದ್ದೆ ಉಳೋ ಮಷಿನ್. ಆದರೆ ಎಂಜಿನ್ ಶುರು ಮಾಡಿದ ಕೂಡಲೇ ಅದೇ ಡುಕ್ ಡುಕ್ ಸದ್ದು ಬಂತು. ಅಪ್ಪನ ಮುಖ ಅರಳಿತು. ಎಡಕ್ಕೆ ಹೋಗಬೇಕಾದರೆ ಕೋಲನ್ನು ಬಲಕ್ಕೆ ತಳ್ಳಬೇಕು. ಇದು ತಲೆಗೆ ಹತ್ತೋ ಹೊತ್ತಿಗೆ ಇವರು ಎರಡು ಸಲ ಜೊಂಡಿನೊಳಗೆ ನುಗ್ಗಿಸಿದ್ದರು, ಒಂದು ಸಲ ಸೇತುವೆಯ ಕಲ್ಲಿಗೆ ಮುತ್ತಿಟ್ಟಿದ್ದರು. ವೇಗದ ಮಿತಿ ಗಂಟೆಗೆ 4 ಮೈಲಿ. ಏರಿ ಮೇಲೆ ನಾಯಿ ಹಿಡಿದು ನಡೆಯೋ ಅಜ್ಜಿಯರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಮುಂದೆ ಹೋಗುತ್ತಿದ್ದರು.

ಮೊದಲ ದಿನ ಒಂದು ಗಂಟೆ ಹೋಗಿರಬಹುದು. ಅಪ್ಪ ದೋಣಿಯ ಮುಂದುಗಡೆ ಕೂತು ನೀರನ್ನೇ ನೋಡುತ್ತಿದ್ದರು. ಒಂದು ಎಲೆ ಎದುರಿಂದ ತೇಲಿ ಬಂತು.

“ಇದು ಹರಿಯೋ ನೀರು ಕಣವ್ವ. ದ್ವಾಣಿ ಕಾಲುವೆ ನೀರು ನಿಂತಿರಬೇಕಲ್ವಾ? ಇದು ನಾಲೆ.”

ಅವರು ಹೇಳಿದ್ದು ಪೂರ್ತಿ ನಿಜ. ಮನೆಗೆ ಬಂದ ಮೇಲೆ ಓದಿ ಖಾತ್ರಿ ಮಾಡಿಕೊಂಡೆ. ಲ್ಯಾಂಗೋಲೆನ್ ಪಟ್ಟಣದ ಮೇಲುಗಡೆ ಡೀ ನದಿಗೆ ಕುದುರೆ ಲಾಳದ ಆಕಾರದ ಒಂದು ಅಡ್ಡಕಟ್ಟೆ ಇದೆ, ಥಾಮಸ್ ಟೆಲ್ಫರ್ಡ್ ಕಟ್ಟಿಸಿದ್ದು. ಅಲ್ಲಿಂದ ನೀರು ಒಳಗೆ ಬಂದು, ಕಾಲುವೆ ಪೂರ್ತಿ ಹರಿದು, ಕೊನೆಗೆ ಹರ್ಲ್‌ಸ್ಟನ್ ಅನ್ನೋ ಜಲಾಶಯ ಸೇರುತ್ತದೆ. ಚೆಶೈರ್ ಕಡೆಯ ಮನೆಗಳಿಗೆ ಕುಡಿಯೋ ನೀರು ಅದೇ. 1944ರಲ್ಲಿ ಈ ಕಾಲುವೆಯನ್ನು ದೋಣಿ ಸಂಚಾರಕ್ಕೆ ಮುಚ್ಚಿಬಿಡಲು ಕಾನೂನೇ ಪಾಸಾಗಿತ್ತು. ಆಗ ಇದರ ಒಡೆತನ ಒಂದು ರೈಲ್ವೆ ಕಂಪನಿಯದು, ಕಾಲುವೆ ಅವರಿಗೆ ಬೇಡವಾಗಿತ್ತು. ಉಳಿಸಿದ್ದು ಕುಡಿಯೋ ನೀರು. ದೋಣಿಯವರು ಏನು ಹೇಳಿದರೂ, ಮಡಕೆ ಹಿಡಿದವರ ಋಣ ಈ ಕಾಲುವೆಯ ಮೇಲಿದೆ.

ಅಪ್ಪನಿಗೆ ಆ ನೀರು ಕಂಡು ಅಷ್ಟು ಖುಷಿಯಾಗೋಕೆ ಇನ್ನೊಂದು ಕಾರಣವೂ ಇತ್ತು. ಆ ವರ್ಷ ನಮ್ಮ ಕಡೆ ಬರ. ಅವರು ಊರು ಬಿಡುವಾಗ ನಮ್ಮೂರ ಪಕ್ಕದ ನಾಲೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರಂತೆ.

ಎಲ್ಸ್‌ಮಿಯರ್ ಅನ್ನೋ ಊರಲ್ಲಿ ದೋಣಿ ನಿಲ್ಲಿಸಿದೆವು. ಅಲ್ಲಿ ಕಾಲುವೆ ಪಕ್ಕದಲ್ಲೇ ಒಂದು ಹಳೇ ಯಾರ್ಡ್ ಇದೆ. ಕಾಲುವೆ ಕಟ್ಟಿದ ಕಾಲದಿಂದ, ಅಂದರೆ ಇನ್ನೂರು ವರ್ಷಕ್ಕೂ ಹಿಂದಿನಿಂದ, ಮರಾಮತ್ತು ಕೆಲಸದ ಜಾಗ ಅದು. ಬಡಗಿ ಕೆಲಸ, ಕಮ್ಮಾರಿಕೆ ಎಲ್ಲಾ ಅಲ್ಲೇ ನಡೆಯುತ್ತಿತ್ತಂತೆ. ಈಗಲೂ ಕಾಲುವೆ ನೋಡಿಕೊಳ್ಳೋರ ಕೈಯಲ್ಲೇ ಇದೆ. ನಾವೆಲ್ಲ ಐಸ್‌ಕ್ರೀಮ್ ಹುಡುಕುತ್ತಿದ್ದರೆ ಅಪ್ಪ ಆ ಕಡೆಯ ದಂಡೆಯಲ್ಲಿ ನಿಂತು ಒಂದೊಂದು ಕಟ್ಟಡ ಎಣಿಸುತ್ತಿದ್ದರು. ಅವರ ಸೆಕ್ಷನ್ನಿನ ಶೆಡ್ ನನಗೆ ಚೆನ್ನಾಗಿ ನೆನಪಿದೆ. ಹೊಂಗೆ ಮರ, ಚಕ್ರ ಇಲ್ಲದ ಜೀಪು, ಗ್ರೀಸ್ ಡಬ್ಬ, ಗೋಡೆಗೆ ಒರಗಿಸಿಟ್ಟ ಗೇಟಿನ ಹಲಗೆಗಳು. ಬೇಸಿಗೆ ರಜೆಯಲ್ಲಿ ಊಟದ ಕ್ಯಾರಿಯರ್ ಕೊಡಲು ನಾನೇ ಹೋಗುತ್ತಿದ್ದೆ. “ನಾಲೆ ತೆಗೆಯೋನಿಗೆ ಫೋಟೋ ಹಾಕ್ತಾರೆ, ಹಾರ ಹಾಕ್ತಾರೆ. ಉಳಿಸ್ಕೊಳ್ಳೋನಿಗೆ ಗ್ರೀಸ್ ಡಬ್ಬಕ್ಕೂ ಮೂರು ಸಲ ಬರೀಬೇಕು” ಅನ್ನೋದು ಅವರ ಸರ್ವೀಸಿನ ಉದ್ದಕ್ಕೂ ಕೇಳಿದ ಮಾತು. ಅಂದು ಮಾತ್ರ ಏನೂ ಅನ್ನಲಿಲ್ಲ.

ಲಾಕ್ ಬಗ್ಗೆ ಸ್ವಲ್ಪ ಹೇಳಬೇಕು. ಹೋಗದವರಿಗೆ ಅದೇ ಭಯ. ನೀರಿಗೆ ಮೆಟ್ಟಿಲು ಅಂದುಕೊಳ್ಳಿ. ಕಲ್ಲಿನ ಉದ್ದನೆಯ ತೊಟ್ಟಿ, ಎರಡೂ ತುದಿಗೆ ಮರದ ಬಾಗಿಲು. ಕೆಳಗಿನ ಬಾಗಿಲಿಂದ ದೋಣಿ ಒಳಗೆ ಬರುತ್ತದೆ, ಬಾಗಿಲು ಮುಚ್ಚುತ್ತೀರಿ, ಮೇಲುಗಡೆಯ ತೂಬು ಎತ್ತುತ್ತೀರಿ, ನೀರು ತುಂಬಿ ದೋಣಿ ತಾನೇ ಮೇಲೆ ಏಳುತ್ತದೆ. ತೂಬು ಎತ್ತೋಕೆ ಕೈಯಲ್ಲಿ ತಿರುಗಿಸೋ ಎಲ್ ಆಕಾರದ ಹಿಡಿ ಕೊಡುತ್ತಾರೆ. ವಿಂಡ್‌ಲಾಸ್ ಅಂತಾರೆ. ನೀರಿಗೆ ಬೀಳಿಸಿದರೆ ದುಡ್ಡು ಕಟ್ಟಬೇಕು, ಹುಷಾರು. ನ್ಯೂ ಮಾರ್ಟನ್ ಅನ್ನೋ ಕಡೆ ಇಂಥವು ಎರಡಿವೆ. ಲಾಕ್ ಪಕ್ಕದಲ್ಲಿ ಹೆಚ್ಚಿನ ನೀರು ಬಳಸಿಕೊಂಡು ಹೋಗೋ ಸಣ್ಣ ಕಾಲುವೆ ಇರುತ್ತದಲ್ಲ, ಇಲ್ಲಿ ನೀರು ಹರಿಯುವುದರಿಂದ ಅದರ ಸೆಳೆತ ಜೋರು. ಬಾಗಿಲ ಹತ್ತಿರ ಬರುತ್ತಿದ್ದ ಹಾಗೇ ದೋಣಿಯ ಮೂತಿ ಪಕ್ಕಕ್ಕೆ ತಳ್ಳಿ ಗೋಡೆಗೆ ಧಡ್ ಅಂತು. ಬೀರುವಿನಲ್ಲಿದ್ದ ಎಲ್ಲ ಲೋಟಗಳೂ ಅಂಗಾತ.

ಅಪ್ಪ ವಿಂಡ್‌ಲಾಸ್ ಕೈಗೆ ತೆಗೆದುಕೊಂಡರು. ಎಪ್ಪತ್ತೊಂದು ವಯಸ್ಸು. ಬೇಡ ಅಂದರೂ ಕೇಳಲಿಲ್ಲ. ಒಂದೇ ಸಲಕ್ಕೆ ಪೂರ್ತಿ ಎತ್ತಲಿಲ್ಲ. ಅರ್ಧ ಎತ್ತಿ, ನೀರಿನ ಸದ್ದು ಕೇಳಿ, ದೋಣಿ ನೆಟ್ಟಗಾದ ಮೇಲೆ ಉಳಿದರ್ಧ. ಪಕ್ಕದಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಇಂಗ್ಲಿಷ್ ಮುದುಕರೊಬ್ಬರು ನನ್ನನ್ನು ಕೇಳಿದರು, ನಿಮ್ಮ ತಂದೆಗೆ ದೋಣಿ ಇದೆಯಾ ಅಂತ. ಇಲ್ಲ, ದೋಣಿ ಇಲ್ಲ, ಕಾಲುವೆ ಇತ್ತು ಅಂದೆ.

ಚರ್ಕ್ ಹತ್ತಿರ ಇಂಗ್ಲೆಂಡ್ ಮುಗಿದು ವೇಲ್ಸ್ ಶುರುವಾಗುತ್ತದೆ. ಗಡಿ ದಾಟೋದೇ ಒಂದು ಅಕ್ವಡಕ್ಟ್, ಅಂದರೆ ಕಾಲುವೆಯನ್ನೇ ಹೊತ್ತ ಸೇತುವೆ, ಅದರ ಮೇಲೆ. 1801ರದ್ದು, 70 ಅಡಿ ಎತ್ತರ, ಪಕ್ಕದಲ್ಲೇ ಇನ್ನೂ ಎತ್ತರದಲ್ಲಿ ರೈಲು ಸೇತುವೆ. ದಾಟಿದ ಕೂಡಲೇ 421 ಮೀಟರ್ ಸುರಂಗ. ನೀರು ಎದುರಿಗೆ ಬರುವುದರಿಂದ ಎಂಜಿನ್ ಎಷ್ಟು ಅರಚಿದರೂ ದೋಣಿ ತೆವಳುತ್ತದೆ. ಮಗ ಕತ್ತಲಲ್ಲಿ ಕೂಗು ಹಾಕಿ ಹಾಕಿ ಸುಸ್ತಾದ. ನಮ್ಮ ವಿ.ಸಿ. ನಾಲೆಯ ಹುಲಿಕೆರೆ ಸುರಂಗದ ಎದುರು ಇದೇನು ಮಹಾ ಅಂತ ಅಪ್ಪ ಗೊಣಗಿದ್ದು ಕೇಳಿಸಿತು. ಊರಿನ ಅಭಿಮಾನ.

ಅದಾದ ಮೇಲೆ ಪಾಂಟ್‌ಕಸಲ್ತೆ ಅಕ್ವಡಕ್ಟ್. ಈ ರಜೆಗೆ ಜನ ದುಡ್ಡು ಕೊಡೋದೇ ಇದಕ್ಕೆ. ಡೀ ನದಿಯ ಕಣಿವೆಗೆ ಅಡ್ಡಲಾಗಿ 18 ಕಲ್ಲಿನ ಕಂಬ, ಅವುಗಳ ಮೇಲೆ 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ, ತೊಟ್ಟಿಯಲ್ಲಿ ನೀರು, ನೀರಲ್ಲಿ ನೀವು. ಕೆಳಗೆ 38 ಮೀಟರ್ ಆಳದಲ್ಲಿ ನದಿ. ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಸೇರಿ ಹತ್ತು ವರ್ಷ ಕಟ್ಟಿ 1805ರಲ್ಲಿ ಮುಗಿಸಿದ್ದು. 2009ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಂದು ಬದಿಗೆ ನಡೆಯೋ ದಾರಿ, ಅದಕ್ಕೆ ಕಂಬಿ. ಇನ್ನೊಂದು ಬದಿಗೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿಗಿಂತ ಗೇಣಷ್ಟು ಮೇಲೆ, ಅದರಾಚೆ ಬರೀ ಗಾಳಿ. ದೋಣಿಯ ಅಡಿಗೆಮನೆ ಕಿಟಕಿಯಿಂದ ನೋಡಿದರೆ ವಿಮಾನದಿಂದ ನೋಡಿದಂತೆ. ನಾನು ಪಾತ್ರೆ ತೊಳೆಯುತ್ತಾ ಕೆಳಗಿನ ಫುಟ್‌ಬಾಲ್ ಮೈದಾನ ನೋಡಿದೆ. ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು.

ಅಪ್ಪ ಮೊಮ್ಮಗನ ಜುಟ್ಟನ್ನೇ ಹಿಡಿದುಕೊಂಡು ಕೂತಿದ್ದರು. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮಕ್ಕಳೂ ಇದ್ದರು. ಆಮೇಲಿಂದ ಅಪ್ಪ ನಾಲೆ ಪಕ್ಕದ ರೋಡಿನಲ್ಲಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂರುವುದಿಲ್ಲ. ಇಲ್ಲಿ ಇಡೀ ಸೇತುವೆ ದಾಟೋವರೆಗೆ ಮಾತಿಲ್ಲ. ದಾಟಿದ ಮೇಲೆ ಒಂದೇ ಪ್ರಶ್ನೆ.

“ಇನ್ನೂರು ವರ್ಷದ ಕಬ್ಬಿಣ. ಇದನ್ನ ಯಾರವ್ವ ನೋಡ್ಕತಾರೆ? ದುಡ್ಡು ಎಲ್ಲಿಂದ?”

ಉತ್ತರ ಸಿಕ್ಕಿದ್ದು ಮೂರನೇ ರಾತ್ರಿ. ಅದಕ್ಕೆ ಮುಂಚೆ ದೋಣಿಯ ದೂರು ಮುಗಿಸಿಬಿಡುತ್ತೇನೆ. ಎರಡನೇ ರಾತ್ರಿ ಮುದ್ದೆ ಮಾಡೋಣ ಅಂತ ಹೊರಟೆ. ಹಿಟ್ಟು ತಂದಿದ್ದೆ, ಮುದ್ದೆ ಕೋಲು ಮರೆತಿದ್ದೆ. ಹಗ್ಗ ಕಟ್ಟೋ ಗೂಟ ಹೊಡೆಯಲು ದೋಣಿಯಲ್ಲಿ ಇಟ್ಟಿದ್ದ ಸುತ್ತಿಗೆಯ ಹಿಡಿ ಆಗಬಹುದು ಅಂತ ಅಪ್ಪನ ಸಲಹೆ. ಬೇಡ ಅಂದೆ. ಮರದ ಸೌಟಿನಲ್ಲೇ ಗೂರಾಡುತ್ತಿದ್ದೆ, ಹಿಟ್ಟು ಅರ್ಧ ಬೆಂದಿತ್ತು, ಒಲೆ ಆರಿತು. ಗ್ಯಾಸ್ ಖಾಲಿ. ಮುಂದುಗಡೆ ಡಬ್ಬದಲ್ಲಿದ್ದ ಎರಡನೇ ಸಿಲಿಂಡರ್‌ಗೆ ಬದಲಾಯಿಸಿದರೆ ಅದೂ ಖಾಲಿ! ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬೆಳಿಗ್ಗೆ ಹತ್ತಕ್ಕೆ ವಾಪಸ್ ಫೋನ್ ಬಂತು, ಹನ್ನೆರಡಕ್ಕೆ ಹುಡುಗನೊಬ್ಬ ವ್ಯಾನಿನಲ್ಲಿ ಸಿಲಿಂಡರ್ ತಂದ. ಪಾಪ, ಅವನದೇನು ತಪ್ಪು, ಹತ್ತು ಸಲ ಸಾರಿ ಕೇಳಿದ. ಇದರ ಜೊತೆಗೆ ಹಿಂದಿನ ಹಾಸಿಗೆಯ ಒಂದು ಮೂಲೆ ತೇವ. ಕಕ್ಕಸಿನ ಟ್ಯಾಂಕ್ ತುಂಬಿದೆ ಅನ್ನೋ ಕೆಂಪು ದೀಪ ಮೂರನೇ ದಿನವೇ ಹತ್ತಿಕೊಂಡಿತು. ನಮಗೆ ಕೊಡುವ ಮುಂಚೆ ಅದನ್ನು ಖಾಲಿ ಮಾಡಿರಲಿಲ್ಲ ಅಂತ ನನ್ನ ಗುಮಾನಿ. 60 ಪೌಂಡ್ ವಾಪಸ್ ಬಂತು. ಎಂಜಿನ್ ಮಾತ್ರ ಒಂದು ಸಲವೂ ತಕರಾರು ಮಾಡಲಿಲ್ಲ, ಬಿಸಿನೀರು ಧಾರಾಳ. ಅದಕ್ಕೇ ಮೂರೂವರೆ. ಇಲ್ಲದಿದ್ದರೆ ಎರಡು.

ಮೂರನೇ ರಾತ್ರಿ ಗ್ಯಾಸ್ ಇತ್ತು. ಮುದ್ದೆ, ಉಪ್ಸಾರು, ಖಾರ. ಪಕ್ಕದಲ್ಲಿ ಕಟ್ಟಿದ್ದ ದೋಣಿಯ ಹೆಂಗಸು ಘಾಟಿಗೆ ಹೊರಗೆ ಬಂದರು. ಅರವತ್ತೈದರ ಆಸುಪಾಸು, ಟೀಚರ್ ಆಗಿದ್ದವರು, ಮನೆ ಮಾರಿ ದೋಣಿಯಲ್ಲೇ ಇದ್ದಾರೆ, ಜೊತೆಗೆ ಒಂದು ಕುಂಟ ನಾಯಿ. ಒಂದು ಸಣ್ಣ ಮುದ್ದೆ ಕೊಟ್ಟೆ. ಅಗಿಯಬೇಡಿ, ನುಂಗಿ ಅಂದೆ. ನುಂಗಿದರು, ಕೆಮ್ಮಿದರು, ಇನ್ನೊಂದು ಕೇಳಿದರು. ಅವರ ಕಿಟಕಿಗೆ ಒಂದು ಪೋಸ್ಟರ್ ಅಂಟಿಸಿತ್ತು: ‘ಫಂಡ್ ಬ್ರಿಟನ್ಸ್ ವಾಟರ್‌ವೇಸ್’, ಬ್ರಿಟನ್ನಿನ ಜಲಮಾರ್ಗಗಳಿಗೆ ದುಡ್ಡು ಕೊಡಿ ಅಂತ. ಅಪ್ಪ ಅದರ ಕಡೆ ಕೈ ತೋರಿಸಿದರು. ಅಲ್ಲಿಂದ ಹನ್ನೊಂದೂವರೆಯವರೆಗೆ ಪಾಠ. ನಾನು ಮಧ್ಯೆ ದುಭಾಷಿ.

ಇಂಗ್ಲೆಂಡ್, ವೇಲ್ಸ್‌ನ ಕಾಲುವೆಗಳಲ್ಲಿ ಬಹುಪಾಲು ಮೊದಲು ಸರ್ಕಾರದ ಕೈಯಲ್ಲಿದ್ದವು. 2012ರಲ್ಲಿ ಅವನ್ನೆಲ್ಲ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಅನ್ನೋ ದತ್ತಿ ಸಂಸ್ಥೆಗೆ ವಹಿಸಿದರು. ಸುಮಾರು 2,000 ಮೈಲಿ ನೀರು, ಅದರ ಜೊತೆ ಸೇತುವೆ, ಸುರಂಗ, ಏರಿ, ಜಲಾಶಯ ಎಲ್ಲಾ. ಟ್ರಸ್ಟ್‌ಗೆ ಆಸ್ತಿ ಬಾಡಿಗೆ ಬರುತ್ತದೆ, ದೋಣಿಗಳ (ಓಡಿಸೋರದ್ದಲ್ಲ) ಲೈಸೆನ್ಸ್ ಶುಲ್ಕ ಬರುತ್ತದೆ, ದಾನ ಬರುತ್ತದೆ. ಆದಾಯದ ಕಾಲು ಭಾಗದ ಹತ್ತಿರ ಸರ್ಕಾರದ ಅನುದಾನ, ವರ್ಷಕ್ಕೆ 5 ಕೋಟಿ ಪೌಂಡ್ ಚಿಲ್ಲರೆ. ಆ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಮುಂದಿನ 10 ವರ್ಷಕ್ಕೆ ಎಷ್ಟು ಅಂತ 2023ರ ಜುಲೈನಲ್ಲಿ ಸರ್ಕಾರ ಹೇಳಿತು. ಒಟ್ಟು 40 ಕೋಟಿ 10 ಲಕ್ಷ ಪೌಂಡ್. ಕೇಳೋಕೆ ದೊಡ್ಡದು. ಆದರೆ ಮೊದಲ ವರ್ಷ 5 ಕೋಟಿ, ಆಮೇಲೆ ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಶೇಕಡಾ 5 ಕಡಿಮೆ.

ಅಪ್ಪ ಪೆನ್ನು ಕೇಳಿದರು. ಪಬ್ಬಿನ ಊಟದ ಪಟ್ಟಿಯ ಹಿಂದೆ ಲೆಕ್ಕ ಹಾಕಿದರು. ಹತ್ತನೇ ವರ್ಷಕ್ಕೆ ಬಂದಾಗ 3 ಕೋಟಿ 15 ಲಕ್ಷ. ಅದರ ಮೇಲೆ ಬೆಲೆ ಏರಿಕೆ. “ಕೂಲಿ ಏರ್ತದೆ, ಸಿಮೆಂಟ್ ಏರ್ತದೆ, ನಾಲೆಗೂ ವಯಸ್ಸಾಯ್ತದೆ. ದುಡ್ಡು ಇಳೀತದೆ. ಇದೆಂಥಾ ಎಸ್ಟಿಮೇಟು?” ಬೆಲೆ ಏರಿಕೆ ಸೇರಿಸಿದರೆ ಹತ್ತು ವರ್ಷದಲ್ಲಿ 30 ಕೋಟಿ ಪೌಂಡಿಗೂ ಜಾಸ್ತಿ ಕಡಿತ ಅಂತ ಟ್ರಸ್ಟ್ ಹೇಳುತ್ತದೆ. ನಮ್ಮ ಪಕ್ಕದ ದೋಣಿಯವರಿಗೆ ಆ ಸಂಖ್ಯೆ ಬಾಯಿಪಾಠ.

ಇದರ ವಿರುದ್ಧ ಎದ್ದಿರೋದೇ ಆ ಪೋಸ್ಟರಿನ ಚಳವಳಿ. 1946ರಿಂದ ಕಾಲುವೆಗಳಿಗಾಗಿ ಹೊಡೆದಾಡುತ್ತಿರೋ ‘ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್’ 2023ರಲ್ಲಿ ಮುಂದೆ ನಿಂತು ಶುರು ಮಾಡಿದ್ದು. ದೋಣಿ ಕ್ಲಬ್ಬುಗಳು, ಬಾಡಿಗೆ ಕಂಪನಿಗಳು, ಕಾಲುವೆ ಉಳಿಸೋ ಸಂಘಗಳು ಎಲ್ಲ ಸೇರಿವೆ. ನಾವು ಹೋಗೋಕೆ ಮೂರು ವಾರ ಮುಂಚೆ, ಮೇ ತಿಂಗಳಲ್ಲೇ, ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಮುಂದೆ ಥೇಮ್ಸ್ ಮೇಲೆ ದೋಣಿಗಳ ಮೆರವಣಿಗೆ ಮಾಡಿದ್ದರು. ನಮ್ಮಲ್ಲಿ ರೈತರು ಹೆದ್ದಾರಿಗೆ ಎತ್ತಿನಗಾಡಿ ತರುತ್ತಾರಲ್ಲ, ಹಾಗೆ. ಗಂಟೆಗೆ 4 ಮೈಲಿ ವೇಗದ ಪ್ರತಿಭಟನೆ.

ನಮ್ಮ ಯಜಮಾನರು ಒಪ್ಪಲಿಲ್ಲ. ನಿನ್ನ ಆಸ್ಪತ್ರೆಯಲ್ಲೇ ಜನ ಸಾಲದೆ ಒದ್ದಾಡುತ್ತಿದ್ದೀರಿ, ದುಡ್ಡಿದ್ದರೆ ಅಲ್ಲಿಗೆ ಹೋಗಲಿ, ರಜೆ ದೋಣಿಗೆ ಯಾಕೆ ಅಂದರು. ನ್ಯಾಯವಾದ ಮಾತು. ನನಗೂ ಅಲ್ಲಿವರೆಗೆ ಹಾಗೇ ಅನಿಸುತ್ತಿತ್ತು. ಆದರೆ ಆ ಮೂರು ದಿನದಲ್ಲಿ ಏರಿ ಮೇಲೆ ಕಂಡವರನ್ನು ಲೆಕ್ಕ ಹಾಕಿ ನೋಡಿ. ದೋಣಿಯವರು ಎಷ್ಟು, ನಡೆಯೋರು ಎಷ್ಟು? ತಳ್ಳುಗಾಡಿಯಲ್ಲಿ ಮಗು, ಗಾಳ ಹಾಕಿ ಕೂತ ಹುಡುಗರು, ಸೈಕಲ್ಲಿನವರು. ಅವರಲ್ಲಿ ಯಾರೂ ಟಿಕೆಟ್ ತೆಗೆದಿಲ್ಲ, ತೆಗೆಯಲೂಬಾರದು. ನಾವೇ ಸೇಲ್‌ನಲ್ಲಿ ಹನ್ನೊಂದು ವರ್ಷದಿಂದ ಬ್ರಿಡ್ಜ್‌ವಾಟರ್ ಕಾಲುವೆ ಪಕ್ಕ ಸಂಜೆ ವಾಕ್ ಮಾಡುತ್ತೇವೆ. ಒಂದು ಪೆನ್ನಿ ಕೊಟ್ಟಿಲ್ಲ. 1,240 ಪೌಂಡ್ ಕೊಟ್ಟದ್ದು ಗ್ಯಾಸಿಲ್ಲದ ದೋಣಿಗೆ. ಅದರಲ್ಲಿ ಕಾಲುವೆಗೆ ಮುಟ್ಟೋದು ಕಂಪನಿ ಕಟ್ಟೋ ಲೈಸೆನ್ಸಿನ ಪಾಲು ಅಷ್ಟೇ. ನಮಗೆ ಖುಷಿ ಕೊಟ್ಟದ್ದು ಯಾವುದು? ಕಾಲುವೆ.

ಇನ್ನೂ ಒಂದಿದೆ. ಮರಾಮತ್ತು ಬಿಟ್ಟರೆ ದೋಣಿಯವರ ರಜೆ ಮಾತ್ರ ಹಾಳಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ವೇಲಿ ಬ್ರಿಡ್ಜ್ ಅನ್ನೋ ಊರಿನ ಮೇಲಿರೋ ಟಾಡ್‌ಬ್ರೂಕ್ ಜಲಾಶಯದ ಕೋಡಿಯ ಕಾಂಕ್ರೀಟು ಜೋರು ಮಳೆಗೆ ಕಿತ್ತುಹೋಯಿತು. ಕಾಲುವೆಗೆ ನೀರು ಕೊಡಲೆಂದು 19ನೇ ಶತಮಾನದಲ್ಲಿ ಕಟ್ಟಿದ ಕೆರೆ ಅದು. ಸುಮಾರು 1,500 ಜನರನ್ನು ಮನೆ ಬಿಡಿಸಿದರು. ವಾಯುಪಡೆಯ ಹೆಲಿಕಾಪ್ಟರ್ ಬಂದು ಒಡೆದ ಜಾಗಕ್ಕೆ ಕಲ್ಲಿನ ಚೀಲಗಳನ್ನು ಸುರಿಯಿತು. ನಮ್ಮ ಜೊತೆ ಕೆಲಸ ಮಾಡೋ ಒಬ್ಬಳು ಬೆಕ್ಕು ಹಿಡಿದುಕೊಂಡು ತಂಗಿ ಮನೆಗೆ ಬಂದಿದ್ದಳು, ಆಗ ಅದನ್ನು ಬರೀ ಬೆಕ್ಕಿನ ಕಥೆಯಾಗಿ ಕೇಳಿದ್ದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಲೆಕ್ಕದ ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು.

ಚಳವಳಿಯ ಬಗ್ಗೆ ನನ್ನದೊಂದು ತಕರಾರು. ಅವರು ಕೊಟ್ಟ ಚೀಟಿಯಲ್ಲಿ ದೋಣಿ, ದೋಣಿ, ದೋಣಿ. ಪರವಾನಗಿ ಇರೋ ದೋಣಿ ಸುಮಾರು 35 ಸಾವಿರ. ಮನೆ ಪಕ್ಕ ಕಾಲುವೆ ಇರೋರು ಲಕ್ಷಾಂತರ. ಅವರ ಬಾಗಿಲಿಗೆ ಹೋಗಬೇಕು, ನಿಮ್ಮ ಮನೆ ಹಿಂದಿನ ಏರಿಗೆ 220 ವರ್ಷ ಅಂತ ಹೇಳಬೇಕು. ದೋಣಿ ಇರೋರೇ ಕೂಗಿದರೆ ‘ದುಡ್ಡಿರೋರ ಶೋಕಿ’ ಅಂತಲೇ ಕೇಳಿಸುತ್ತದೆ. ಇದನ್ನು ಆ ಹೆಂಗಸಿಗೂ ಹೇಳಿದೆ. ನನ್ನ ದೋಣಿಯ ಒಳಗೆ ಬಂದು ನೋಡು, ಶೋಕಿ ಎಲ್ಲಿದೆ ತೋರಿಸು ಅಂದರು. ಬೂದಿ ತುಂಬಿದ ಒಲೆ, ಛಾವಣಿ ಮೇಲೆ ಸೌದೆ, ನಾಯಿ ವಾಸನೆ. ಮನೆ ಬಾಡಿಗೆ ಕಟ್ಟಲಾಗದೆ ದೋಣಿಗೆ ಬಂದವರು ಬಹಳ ಜನ ಇದ್ದಾರಂತೆ. ಅಂಥವರಲ್ಲಿ ದೋಣಿ ಕಟ್ಟೋಕೆ ಖಾಯಂ ಜಾಗ ಇಲ್ಲದವರಿಗೆ ಲೈಸೆನ್ಸ್ ಮೇಲೆ ಹೆಚ್ಚುವರಿ ಶುಲ್ಕ ಆ ಏಪ್ರಿಲ್‌ನಿಂದ ಶುರುವಾಗಿತ್ತು. ಸರ್ಕಾರ ಕಡಿಮೆ ಕೊಟ್ಟದ್ದು ಕೊನೆಗೆ ಇವರ ಬಿಲ್ಲಿಗೆ ಬಂದು ಕೂರುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಏರಿ ಮೇಲೆ ನೀಲಿ ಅಂಗಿಯ ಇಬ್ಬರು ಲಾಕ್‌ನ ಬಾಗಿಲ ತೊಲೆಗೆ ಬಣ್ಣ ಹೊಡೆಯುತ್ತಿದ್ದರು. ಕಪ್ಪು, ತುದಿಗೆ ಬಿಳಿ. ಸಂಬಳ ಎಷ್ಟು ಕೇಳು ಅಂದರು ಅಪ್ಪ. ಕೇಳಿದೆ. ಇಲ್ಲ, ನಾವು ವಾಲಂಟಿಯರ್‌ಗಳು ಅಂದರು. ಓಕ್ ಮರದ ಈ ಬಾಗಿಲು ಇಪ್ಪತ್ತೈದು ವರ್ಷ ಬಾಳುತ್ತದೆ, ಎಲ್ಲವನ್ನೂ ಅಳತೆ ತೆಗೆದು ಬ್ರಾಡ್ಲಿ, ಸ್ಟಾನ್ಲಿ ಫೆರ್ರಿ ಅನ್ನೋ ಎರಡು ವರ್ಕ್‌ಶಾಪಿನಲ್ಲಿ ಕೈಯಾರೆ ಮಾಡುತ್ತಾರೆ ಅಂತಲೂ ವಿವರಿಸಿದರು. ಅಪ್ಪನಿಗೆ ಓಕ್ ಕಿವಿಗೆ ಬೀಳಲೇ ಇಲ್ಲ.

“ನೀರುಗಂಟಿಗೆ ಸಂಬಳ ಇಲ್ವಾ?”

ಬಣ್ಣ ಚೆನ್ನಾಗಿ ಹೊಡೀತಾರೆ ಅಂತ ಮಾತ್ರ ಆಮೇಲೆ ಒಪ್ಪಿಕೊಂಡರು.

ಹೋಗೋರಿಗೆ ನಾಲ್ಕು ಮಾತು. ಹೊರಡೋ ಮುಂಚೆ ಎರಡೂ ಸಿಲಿಂಡರ್ ಎತ್ತಿ ನೋಡಿ, ಭಾರ ಇರಬೇಕು. ಕಕ್ಕಸಿನ ದೀಪ ಹಸಿರು ಇದೆಯಾ ಕೇಳಿ. ತೋಟದ ಕೈಗವಸು ಒಯ್ಯಿರಿ, ವಿಂಡ್‌ಲಾಸ್ ಅಂಗೈ ಕೀಳುತ್ತದೆ. ಮಂಡಿ ನೋವಿನವರನ್ನು ಕರೆದುಕೊಂಡು ಹೋಗಬಹುದು, ಆದರೆ ಹತ್ತಿ ಇಳಿಯುವಾಗ ಒಬ್ಬರು ಕೈ ಕೊಡಬೇಕು. ಈಜು ಬಾರದ ಮಕ್ಕಳಿಗೆ ಲೈಫ್ ಜಾಕೆಟ್ ಬಿಚ್ಚಿಸಲೇಬೇಡಿ. ಲ್ಯಾಂಗೋಲೆನ್ ಊರಿನ ಹತ್ತಿರ ಕಾಲುವೆ ಎಷ್ಟು ಕಿರಿದು ಅಂದರೆ ಎರಡು ದೋಣಿ ದಾಟುವುದಿಲ್ಲ. ಒಬ್ಬರು ಮುಂದೆ ನಡೆದು ಎದುರಿಗೆ ಯಾರೂ ಇಲ್ಲ ಅಂತ ಫೋನ್ ಮಾಡಬೇಕು. ನಮ್ಮಲ್ಲಿ ಆ ಕೆಲಸ ಮಗನದು, ತುಂಬಾ ಜಂಬದಿಂದ ಮಾಡಿದ. ಊರಲ್ಲಿ ಕುದುರೆ ಎಳೆಯೋ ದೋಣಿ ಇದೆ, ಮುದ್ದಾಗಿದೆ, ಸಾಲು ಉದ್ದ.

ವಾಪಸ್ ಬಂದ ಮೇಲೆ ಚುನಾವಣೆ ಬಂತು. ಜುಲೈ 4. ನಮ್ಮದು ಇನ್ನೂ ಇಂಡಿಯನ್ ಪಾಸ್‌ಪೋರ್ಟು, ಆದರೂ ಕಾಮನ್‌ವೆಲ್ತ್ ದೇಶದವರು ಅಂತ ಇಲ್ಲಿ ಓಟಿದೆ. ಒಂದು ಸಂಜೆ ಬಾಗಿಲು ಬಡಿದು ಒಬ್ಬ ಹುಡುಗ ಕರಪತ್ರ ಕೊಟ್ಟ, ಏನಾದರೂ ಪ್ರಶ್ನೆ ಇದೆಯಾ ಅಂದ. ಕಾಲುವೆ ಅನುದಾನದ ಬಗ್ಗೆ ನಿಮ್ಮ ಅಭ್ಯರ್ಥಿ ಏನಂತಾರೆ ಅಂತ ಕೇಳಿದೆ. ಅವನು ಪಟ್ಟಿ ತಿರುವಿ ಹಾಕಿದ. ಆಸ್ಪತ್ರೆ ಇತ್ತು, ರಸ್ತೆ ಗುಂಡಿ ಇತ್ತು. ಬರೆದುಕೊಳ್ಳುತ್ತೇನೆ ಅಂತ ಬರೆದುಕೊಂಡ. ಒಳಗಿಂದ ಅಪ್ಪ ಕೂಗಿದರು, ಶೇಕಡಾ ಐದರದ್ದೂ ಬರ್ಕೊಳ್ಳೋಕೆ ಹೇಳು ಅಂತ. ಆಮೇಲೆ ಗೆದ್ದವರಿಗೆ ಒಂದು ಮೇಲ್ ಹಾಕಿದೆ. ಸಚಿವಾಲಯದ ಗಮನಕ್ಕೆ ತರುತ್ತೇವೆ ಅಂತ ಉತ್ತರ ಬಂತು. ಈ ಭಾಷೆ ಅಪ್ಪನಿಗೆ ಅರ್ಥವಾಗೋಕೆ ನಾನು ಅನುವಾದ ಮಾಡಬೇಕಾಗಲಿಲ್ಲ.

2025ರ ಜನವರಿ 1. ರಾತ್ರಿಯೆಲ್ಲ ಮಳೆ. ಡನ್‌ಹ್ಯಾಮ್ ಮ್ಯಾಸಿ ಹತ್ತಿರ, ಲಿಟಲ್ ಬಾಲಿಂಗ್ಟನ್ ಅನ್ನೋ ಹಳ್ಳಿಯ ಬಳಿ, ನಮ್ಮ ಬ್ರಿಡ್ಜ್‌ವಾಟರ್ ಕಾಲುವೆಯ ಏರಿ ಒಡೆದು ನೀರು ಹೊಲಕ್ಕೆ ನುಗ್ಗಿತು. ಇದು ಟ್ರಸ್ಟ್‌ನ ಕಾಲುವೆ ಅಲ್ಲ, ಖಾಸಗಿ ಒಡೆತನದ್ದು. ಆ ಅನುದಾನಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನೋದನ್ನೂ ಹೇಳಬೇಕು. ಆದರೆ ಮಣ್ಣಿನ ಏರಿಗೆ ಯಜಮಾನ ಯಾರು ಅಂತ ಗೊತ್ತಿರುವುದಿಲ್ಲ. 1761ರಲ್ಲಿ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ತಂದು ಬೆಲೆಯನ್ನು ಅರ್ಧಕ್ಕೆ ಇಳಿಸಿದ ಕಾಲುವೆ ಇದು. ಇಲ್ಲಿ ಆಮೇಲೆ ಬಂದ ಕಾಲುವೆಗಳಿಗೆಲ್ಲ ಹಿರಿಯಣ್ಣ.

ಎರಡು ದಿನ ಬಿಟ್ಟು ಆ ಕಡೆ ಹೋದೆವು. ದಾರಿ ಮುಚ್ಚಿದ್ದರು. ಬೇಲಿಯ ಈಚೆ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಆಗ ಊರಲ್ಲಿದ್ದರು. ಹೊಸ ವರ್ಷದ ಶುಭಾಶಯ ಹೇಳಲು ಮಗ ಫೋನಿನ ಮುಂದೆ ಮುಖ ತಂದ.

“ನಿನ್ ಮುಖ ಆಮೇಲೆ ನೋಡ್ತೀನಿ ಸರೀಲಾ ಮಗಾ. ಕೆಳಗೆ ತೋರ್ಸು. ನೀರು ತಡೆಯೋಕೆ ಹಲಗೆ ಇಳಿಸವ್ರಾ?”

ಮಗ ಫೋನನ್ನು ನೀರಿಳಿದ ಕಾಲುವೆಯ ಕಡೆಗೆ ತಿರುಗಿಸಿದ. ಕೆಸರು, ಒಂದು ಹಳೇ ಸೈಕಲ್ಲು, ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ. ಅಪ್ಪ ಕನ್ನಡಕ ಹುಡುಕುತ್ತಿದ್ದರು. ತಡಿ, ಇನ್ನೂ ಸ್ವಲ್ಪ ಎಡಕ್ಕೆ, ಏರಿ ಕಡೆಗೆ ಅಂತ ಹೇಳುತ್ತಲೇ ಇದ್ದರು.